ಅಂಟದೆ ಎಂದರೆ

ಬೆಳಿಗ್ಗೆ ಎದ್ದು ಇದ್ದಲ ಒಲೆ ಹಚ್ಚಿ ಡಿಕಾಕ್ಷನ್ ಇಳಿಸಿದೆ. ಕೊಳಾಯಿ ನಿಲ್ಲುವ ಮೊದಲು ಹಂಡೆ ತುಂಬಿಸಿದೆ. ಅತ್ತೆಯವರ ಮಂಡಿಗೆ ಎಣ್ಣೆ ನೀವಿ, ಬಿಸಿನೀರಿನ ಶಾಖ ಕೊಟ್ಟೆ. ನಮ್ಮವರಿಗೂ ಮಗಳಿಗೂ ಡಬ್ಬಿ ಕಟ್ಟಿದೆ. ಆಸ್ಪತ್ರೆಗೆ ಬಂದು ಏಪ್ರನ್ ತೊಟ್ಟು, ಹಿಂದಿನ ದಿನದ ಗಾಜಿನ ಸ್ಲೈಡುಗಳನ್ನು ಸೋಡಾ ನೀರಿನಲ್ಲಿ ಕುದಿಸಿ ಒರೆಸಿಟ್ಟೆ. ಮೊಂಡಾದ ಸೂಜಿಗಳನ್ನು ಸಾಣೆಕಲ್ಲಿಗೆ ಹಿಡಿದು, ತೂತಿನಲ್ಲಿ ತಂತಿ ಆಡಿಸಿ, ಸ್ಟೆರಿಲೈಸರಿಗೆ ಹಾಕಿದೆ. ಬಸುರಿಯರ ಮೂತ್ರದ ಸೀಸೆಗಳಿಗೆ ಚೀಟಿ ಅಂಟಿಸಿದೆ. ಹೊರರೋಗಿಗಳಲ್ಲಿ ಮುಖ ಬಿಳುಚಿದ್ದವರ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದೆ. ಸ್ಪಿರಿಟ್ ಮುಗಿಯುತ್ತಾ ಬಂದಿದೆ ಎಂದು ಸ್ಟೋರಿಗೆ ಹೇಳಿ ಕಳಿಸಿದೆ.

ಇಷ್ಟು ಕೆಲಸ ಮುಗಿಯುವ ಹೊತ್ತಿಗೆ ವಾರ್ಡಿನಿಂದ ಆಯಾ ಓಡಿಬಂದಳು.

ಅದು 1957ನೇ ಇಸವಿ. ಮೈಸೂರಿನ ಒಂದು ಧರ್ಮಾರ್ಥ ಹೆರಿಗೆ ಆಸ್ಪತ್ರೆಯಲ್ಲಿ ನಾನು ಲ್ಯಾಬೊರೇಟರಿ ಟೆಕ್ನಿಷಿಯನ್ ಆಗಿದ್ದೆ. ಲ್ಯಾಬ್ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹಿಂದಿನ ವರಾಂಡಕ್ಕೆ ಗೋಡೆ ಕಟ್ಟಿ ಮಾಡಿದ ಉದ್ದನೆಯ ಕೋಣೆ, ಒಂದು ಮೈಕ್ರೋಸ್ಕೋಪು, ಕೈಯಲ್ಲಿ ತಿರುಗಿಸುವ ಸೆಂಟ್ರಿಫ್ಯೂಜು, ಒಂದು ಐಸ್ ಪೆಟ್ಟಿಗೆ. ಹೊರಗಿನವರೊಂದಿಗೆ ಮಾತಾಡಲು ಒಂದು ಕಿಟಕಿ. ಆ ಕಿಟಕಿಯ ಮುಂದೆ ಯಾವಾಗಲೂ ಹತ್ತಾರು ಜನ ಒತ್ತಿಕೊಂಡು ನಿಂತಿರುತ್ತಿದ್ದರು. ಮಕ್ಕಳ ಅಳು, ಕಡಲೆಕಾಯಿ ಮಾರುವವನ ಕೂಗು, ಪಕ್ಕದಲ್ಲೇ ಸೌದೆ ಒಡೆಯುವ ಸದ್ದು. ಒಳಗಿನಿಂದ ಹೇಳಿದ್ದು ಹೊರಗಿನವರಿಗೆ ಮುಟ್ಟಬೇಕಾದರೆ ಗಂಟಲು ಎತ್ತರಿಸಲೇಬೇಕು.

ನಮ್ಮ ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಅನಂತರಾಮಯ್ಯನವರು. ವಯಸ್ಸು ಐವತ್ತರ ಮೇಲೆ. ಒಳ್ಳೆಯ ಕೆಲಸಗಾರರು, ಒಳ್ಳೆಯ ಮನುಷ್ಯರು. ಆಗ ಇಂಗ್ಲಿಷಿನ ಶಾಸ್ತ್ರಪದಗಳಿಗೆ ಕನ್ನಡ ಪದ ಹುಡುಕುವ ಒಂದು ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಶನಿವಾರ ಸಭೆ ಮುಗಿಸಿ ಬಂದರೆ ಸೋಮವಾರ ಆ ಜಗಳವೆಲ್ಲ ನಮ್ಮ ಮೇಜಿನ ಮೇಲೆ. ಆ ತಿಂಗಳು ಅವರು ಹಿಡಿದುಕೊಂಡಿದ್ದ ಪದ ‘ಅಗ್ಲುಟಿನೇಷನ್’.

ಆ ಒಂದು ಪದಕ್ಕೆ ಮೂರು ಮನೆ ಎಂದು ಅವರು ಹೇಳುತ್ತಿದ್ದರು. ಸಮಿತಿಯಲ್ಲಿದ್ದ ಭಾಷಾಶಾಸ್ತ್ರದ ಮೇಷ್ಟರಿಗೆ ಅದು ವ್ಯಾಕರಣದ ಮಾತು. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ ಎಂದು ಪದಕ್ಕೆ ತುಂಡುತುಂಡಾಗಿ ಅಂಟುತ್ತಾ ಹೋಗುವುದು ಆ ಗುಣವಂತೆ. ನಮ್ಮ ಕನ್ನಡವೇ ಆ ಜಾತಿಯ ಭಾಷೆಯಂತೆ. ಜೀವಶಾಸ್ತ್ರದ ಮೇಷ್ಟರಿಗೆ, ನೀರಿನಲ್ಲಿ ಬಿಡಿಬಿಡಿಯಾಗಿ ಈಜುವ ಸೂಕ್ಷ್ಮಜೀವಿಗಳು ಒಂದಕ್ಕೊಂದು ಮೆತ್ತಿಕೊಂಡು ತಳ ಸೇರುವುದು. ವೈದ್ಯರಿಗೆ, ಒಬ್ಬರ ರಕ್ತದ ಕಣಗಳು ಇನ್ನೊಬ್ಬರ ರಕ್ತದ ತಿಳಿ, ಅಂದರೆ ಸೀರಂ, ಸೇರಿದಾಗ ಹೆಪ್ಪು ಹೆಪ್ಪಾಗಿ ಕೂಡಿಕೊಳ್ಳುವುದು. ಹಳೆಯ ಪುಸ್ತಕಗಳಲ್ಲಿ ಗಾಯದ ಎರಡು ಅಂಚು ಕೂಡಿಕೊಳ್ಳುವುದಕ್ಕೂ ಅದೇ ಪದವಂತೆ. ಮೂವರೂ ಬಿಟ್ಟುಕೊಡುವವರಲ್ಲ. ಕೊನೆಗೆ ಎಲ್ಲರಿಗೂ ಸಲ್ಲುವ ಹಾಗೆ ‘ಅಂಟು’ ಎಂಬ ಅಚ್ಚಗನ್ನಡ ಮಾತನ್ನೇ ಇಟ್ಟುಕೊಳ್ಳೋಣ ಎಂದು ನಮ್ಮ ಡಾಕ್ಟರು ಸೂಚಿಸಿ ಬಂದಿದ್ದರು.

“ಸರೋಜಮ್ಮನವರೇ, ನಾವು ಕಿಟಕೀಲಿ ಪಾಸಿಟಿವ್, ನೆಗೆಟಿವ್ ಅಂತೀವಿ. ಅವರು ಪಾಪ ಬಾಯಿ ಬಾಯಿ ಬಿಡ್ತಾರೆ. ಇನ್ನು ಮೇಲೆ ಅಂಟಿದೆ, ಅಂಟಿಲ್ಲ ಅಂತ ಕನ್ನಡದಲ್ಲೇ ಹೇಳೋಣ” ಎಂದರು. ನನಗೂ ಅದು ಸರಿಯೆಂದೇ ತೋರಿತು.

ಆಯಾ ಓಡಿಬಂದದ್ದು ಜಯಮ್ಮ ಎಂಬವಳ ವಿಷಯಕ್ಕೆ. ಎರಡನೆಯ ಹೆರಿಗೆ. ಗಂಡುಮಗು ಹುಟ್ಟಿತ್ತು, ಮಗು ಚೆನ್ನಾಗಿತ್ತು. ಆದರೆ ಕಸ, ಅಂದರೆ ಮಾಸು, ತಾನಾಗಿ ಬೀಳಲಿಲ್ಲ. ಲೇಡಿ ಡಾಕ್ಟರು ಕೈಹಾಕಿ ತೆಗೆದಿದ್ದರು, ಇಂಜೆಕ್ಷನ್ ಕೊಟ್ಟಿದ್ದರು. ರಕ್ತ ಮಾತ್ರ ಹತೋಟಿಗೆ ಬರುವ ಮೊದಲೇ ಬಹಳ ಹೋಗಿಬಿಟ್ಟಿತ್ತು. ಸಲೈನ್ ಹಚ್ಚಿದ್ದರು. ಸಲೈನು ರಕ್ತನಾಳ ತುಂಬಿಸುತ್ತದೆ, ರಕ್ತದ ಕೆಲಸ ಮಾಡುವುದಿಲ್ಲ. ನಾಡಿ ನೂಲಿನ ಹಾಗೆ ಆಡುತ್ತಿದೆ, ಬೇಗ ಒಂದು ಬಾಟಲಿ ರಕ್ತ ಬೇಕು ಎಂದು ಹೇಳಿಕಳಿಸಿದ್ದರು.

ಈಗಿನ ಹಾಗೆ ರಕ್ತ ಕೂಡಿಟ್ಟುಕೊಳ್ಳುವ ಏರ್ಪಾಡು ನಮ್ಮಲ್ಲಿ ಇರಲಿಲ್ಲ. ರೋಗಿಯ ಕಡೆಯವರಲ್ಲಿ ಯಾರದಾದರೂ ಹೊಂದುತ್ತದೆಯೇ ನೋಡಿ, ಅವರಿಂದ ಅಲ್ಲೇ ತೆಗೆದು, ಅಲ್ಲೇ ಕೊಡಬೇಕು. ಜಯಮ್ಮನ ಜೊತೆಯಲ್ಲಿ ಮೂವರಿದ್ದರು. ಗಂಡ ಸಿದ್ದೇಗೌಡ, ಅಶೋಕಪುರಂ ಕಡೆ ಬಾಡಿಗೆ ಮನೆ ಮಾಡಿಕೊಂಡು ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದವನು. ತಾಯಿ ಕೆಂಪಮ್ಮ, ಬಾಣಂತನಕ್ಕೆಂದು ನಂಜನಗೂಡು ಕಡೆಯ ಹಳ್ಳಿಯಿಂದ ಬಂದವಳು. ತಮ್ಮ ಪುಟ್ಟಸ್ವಾಮಿ, ಇಪ್ಪತ್ತೆರಡರ ಹುಡುಗ, ತಾಯಿಯನ್ನು ಕರೆತಂದವನು.

ಗಂಡನದೂ ತಮ್ಮನದೂ ರಕ್ತ ತೆಗೆದುಕೊಂಡೆ. ಬಿಳಿಯ ಪಿಂಗಾಣಿ ಬಿಲ್ಲೆಯ ಮೇಲೆ ಜಯಮ್ಮನ ಸೀರಂ ಎರಡು ತೊಟ್ಟು ಹಾಕಿ, ಒಂದಕ್ಕೆ ಗಂಡನ ಕಣ, ಇನ್ನೊಂದಕ್ಕೆ ತಮ್ಮನ ಕಣ ಸೇರಿಸಿ, ಬಿಲ್ಲೆಯನ್ನು ಮೆಲ್ಲಗೆ ಓಲಾಡಿಸಿದೆವು. ಗಂಡನ ಕಡೆಯದು ನೋಡನೋಡುತ್ತಿದ್ದಂತೆ ಕೆಂಪು ರವೆಯ ಹಾಗೆ ಕಾಳುಕಟ್ಟಿತು. ಅದನ್ನು ಕೊಟ್ಟರೆ ಜಯಮ್ಮನ ಮೈಯೊಳಗೂ ಹಾಗೇ ಆಗುತ್ತದೆ; ಉಳಿಸಲು ಕೊಟ್ಟದ್ದೇ ಕೊಲ್ಲುತ್ತದೆ. ತಮ್ಮನದು ನಯವಾಗಿ, ಬಣ್ಣದ ನೀರಿನ ಹಾಗೆ ಉಳಿಯಿತು. ಡಾಕ್ಟರು ಅದರಲ್ಲಿ ಒಂದು ತೊಟ್ಟನ್ನು ಗಾಜಿಗೆ ಹಾಕಿ ಮೈಕ್ರೋಸ್ಕೋಪಿನಲ್ಲೂ ನೋಡಿ ತಲೆಯಾಡಿಸಿದರು. ನಾನು ಸೂಜಿ, ರಬ್ಬರ್ ಟ್ಯೂಬು, ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ ಬಾಟಲಿ ಹೊಂದಿಸತೊಡಗಿದೆ. ಡಾಕ್ಟರು ಕಿಟಕಿಗೆ ಹೋಗಿ ಗಟ್ಟಿಯಾಗಿ ಹೇಳಿದರು:

“ಗಂಡನದು ಅಂಟಿದೆ. ತಮ್ಮನದು ಅಂಟದೆ ಇದೆ. ತಮ್ಮನನ್ನು ಒಳಗೆ ಕಳಿಸಿ.”

ಎಲ್ಲ ಸಿದ್ಧಮಾಡಿಕೊಂಡು ಬಾಗಿಲು ತೆರೆದು ಕರೆದೆ. ಯಾರೂ ಬರಲಿಲ್ಲ. ಇನ್ನೊಮ್ಮೆ ಕರೆದೆ. ವಾರ್ಡಿನ ಬಾಗಿಲಲ್ಲಿದ್ದ ಸಿದ್ದೇಗೌಡ ಗಾಬರಿಯಿಂದ ಬಂದ. “ಇಲ್ಲೇ ಇದ್ರಲ್ಲಮ್ಮ, ಅತ್ತೇನೂ ಅವ್ನೂ! ಕಾಫಿಗೇನಾದ್ರೂ ಹೋದ್ರೋ ಏನೋ” ಎಂದು ಎದುರಿನ ಹೋಟೆಲಿಗೆ ಓಡಿದ, ನಲ್ಲಿಯ ಹತ್ತಿರ ನೋಡಿದ, ಮರದ ಕೆಳಗೆ ಮಲಗಿದ್ದವರ ಮುಖದ ಮೇಲಿನ ವಲ್ಲಿಯನ್ನೆಲ್ಲ ಎತ್ತಿ ಎತ್ತಿ ಬೈಸಿಕೊಂಡ. ಎಲ್ಲೂ ಇಲ್ಲ.

ಆಯಾ ಹೇಳಿದಳು: “ಆ ಮುದ್ಕಿ ತಾನೆ? ಮಗನ್ನ ಮುಂದಕ್ ಬುಟ್ಕಂಡು ಹಿಂದಿನ ಗೇಟಲ್ಲಿ ಹೋದ್ಲು ಕಣಮ್ಮ. ನಾಯಿ ಅಟ್ಟಿಸ್ಕೊಂಡು ಬಂದಂಗೆ ಹೋಗ್ತಿದ್ಲು. ಕೈ ಹಿಡಿಯಾಕೆ ಹೋದ ಮಗನ್ನ, ಮುಟ್ಬೇಡ ಮುಟ್ಬೇಡ ಅಂತಿದ್ಲು.”

ವಾರ್ಡಿಗೆ ಹೋಗಿ ನೋಡಿದೆ. ಜಯಮ್ಮನ ತುಟಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಕಣ್ಣು ಅರ್ಧ ತೆರೆದುಕೊಂಡು “ಅವ್ವ ಎಲ್ಲಿ?” ಎಂದಳು. “ಬರ್ತಾರೆ” ಎಂದೆ. ಲೇಡಿ ಡಾಕ್ಟರು ಅವಳ ಮಣಿಕಟ್ಟು ಹಿಡಿದುಕೊಂಡೇ ನನ್ನ ಕಡೆ ನೋಡಿ, “ಬೇರೆ ಯಾರಾದರೂ?” ಎಂದರು. ಆಸ್ಪತ್ರೆಯವರಲ್ಲಿ ಇಬ್ಬರ ರಕ್ತ ನೋಡಿದೆವು, ನನ್ನದೂ ನೋಡಿದೆವು. ಮೂರೂ ಕಾಳುಕಟ್ಟಿದವು. ತಮ್ಮನೇ ಬೇಕು.

ಹಳ್ಳಿಯವರು ಹೋಗುವುದಾದರೆ ಬಸ್ ಸ್ಟಾಂಡಿಗೇ ಹೋಗಬೇಕು. ಡಾಕ್ಟರನ್ನು ಅಲ್ಲೇ ಬಿಟ್ಟು, ಸಿದ್ದೇಗೌಡನನ್ನು ಕರೆದುಕೊಂಡು ಜಟಕಾ ಹತ್ತಿದೆ. ದಾರಿಯುದ್ದಕ್ಕೂ ಅವನು ರಸ್ತೆಯ ಎರಡೂ ಬದಿ ಹುಡುಕಿ ನೋಡುತ್ತಿದ್ದ. ಒಂದೇ ಒಂದು ಸಲ, “ಅವ್ರಿಗೆ ಮಗ್ಳು ಬ್ಯಾಡ್ವಾಗ್ಬುಟ್ಲಾ ಅಮ್ಮಾ?” ಎಂದ. ರಕ್ತ ಕೊಡಲು ಹೆದರಿ ಓಡಿಹೋದವರನ್ನು ನಾನು ಕಂಡಿದ್ದೆ. ರಕ್ತ ತೆಗೆದರೆ ಗಂಡಸಿನ ಶಕ್ತಿ ಹೋಗುತ್ತದೆ ಎಂದು ತಾಯಂದಿರು ಮಗನನ್ನು ಬಚ್ಚಿಟ್ಟದ್ದನ್ನೂ ಕಂಡಿದ್ದೆ. ಇದೂ ಅಂಥದೇ ಇರಬೇಕು ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ನಂಜನಗೂಡಿನ ಬಸ್ಸು ಇನ್ನೂ ಹೊರಟಿರಲಿಲ್ಲ. ಅದರ ನೆರಳಿನಲ್ಲಿ ಕೆಂಪಮ್ಮ ಕೂತಿದ್ದಳು. ಅವಳಿಂದ ಮಾರು ದೂರದಲ್ಲಿ ಪುಟ್ಟಸ್ವಾಮಿ ಏನೂ ತಿಳಿಯದವನ ಹಾಗೆ ಒಂದು ಕಲ್ಲಿನ ಮೇಲೆ. ನನ್ನನ್ನು ಕಂಡವಳೇ ಎದ್ದು, ಮಗನಿಗೂ ನನಗೂ ನಡುವೆ ಬಂದು ನಿಂತಳು.

“ಬರ್ಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ. ನನ್ ಐದನ್ನ, ನನ್ ಮಗನ್ನ ಬುಟ್ಬುಡಿ. ಒಲದಲ್ಲಿ ಗುಡ್ಲು ಆಕ್ಕೊಟ್ಟು ಅಲ್ಲೇ ಮಡಿಕತೀನಿ. ಯಾರ್ ತಂಟೆಗೂ ಬರಾಕಿಲ್ಲ ಅವ್ನು.”

“ಯಾಕಮ್ಮ? ಅವನಿಗೇನಾಗಿದೆ?”

“ಏನಾಗದೆ ಅಂತ ನೀವೇ ಕೇಳ್ತೀರಲ್ಲ! ನಿಮ್ ಡಾಕ್ಟ್ರೇ ಅಂದ್ರಲ್ಲ, ಕಿಟ್ಕೀಲಿ ನಿಂತ್ಕಂಡು, ಊರೋರ್ಗೆಲ್ಲ ಕೇಳಂಗೆ. ಗಂಡಂಗೂ ಅಂಟದೆ, ತಮ್ಮಂಗೂ ಅಂಟದೆ, ಒಳೀಕ್ ಕಳ್ಸಿ ಅಂತ. ನಮ್ ಚಿಕ್ಕವ್ವನ್ನೂ ಇಂಗೇ ಪಿಲೇಗ್ನಲ್ಲಿ ಅಂಟದೆ ಅಂದ್ಬುಟ್ಟು ಒಳೀಕ್ ಕರ್ಕಂಡೋದ್ರು. ಅವ್ಳ ಸೀರೆ ತುಂಡೂ ವಾಪಸ್ ಬರ್ನಿಲ್ಲ.”

ಅವಳ ಬಾಯಲ್ಲಿ ಕೇಳಿದ ಮೇಲೆಯೇ ನನಗೆ ಅದು ಕೇಳಿಸಿದ್ದು. ನಮ್ಮ ಡಾಕ್ಟರು ಹೇಳಿದ ‘ಅಂಟದೆ’ ಪುಸ್ತಕದ ಕನ್ನಡ: ಅಂಟಿಕೊಳ್ಳದೆ, ಬಿಡಿಯಾಗಿ. ಕೆಂಪಮ್ಮನ ಊರಿನಲ್ಲಿ ‘ಇದೆ’ ಎನ್ನುವುದಿಲ್ಲ, ‘ಅದೆ’ ಎನ್ನುತ್ತಾರೆ. ನೀರು ಅದೆ ಎನ್ನುವುದು ನೀರದೆ. ಜ್ವರ ಅದೆ ಎನ್ನುವುದು ಜ್ವರದೆ. ಅಂಟು ಎಂದರೆ ಅವರಿಗೆ ಒಬ್ಬರಿಂದೊಬ್ಬರಿಗೆ ಹರಡುವ ಜಾಡ್ಯ. ಮೈಲಿ, ಕಾಲರಾ, ಪ್ಲೇಗು. ಅಂಟು ಅದೆ ಎನ್ನುವುದು ಅವರ ಬಾಯಲ್ಲಿ ಅಂಟದೆ. ಡಾಕ್ಟರು ಒಳ್ಳೆಯದಾಗಿದೆ ಎಂದು ಹೇಳಿದ ಮಾತೇ ಅವಳ ಕಿವಿಗೆ ಹೋಗುವಷ್ಟರಲ್ಲಿ ಮಗನಿಗೆ ರೋಗ ಬಡಿದಿದೆ ಎಂದಾಗಿತ್ತು. ಗಂಡನ ‘ಅಂಟಿದೆ’ಯೂ ತಮ್ಮನ ‘ಅಂಟದೆ’ಯೂ ಅವಳಿಗೆ ಒಂದೇ ಮಾತು. ಅವಳಿಗೆ ಮಗಳು ಬೇಡವಾಗಿರಲಿಲ್ಲ. ಇಬ್ಬರು ಮಕ್ಕಳಲ್ಲಿ ಒಬ್ಬರನ್ನಾದರೂ ಉಳಿಸಿಕೊಳ್ಳಬೇಕು ಎಂದು ಓಡಿಬಂದಿದ್ದಳು.

ಸಿದ್ದೇಗೌಡ ಕೆರಳಿದ. “ಅಲ್ಲ ಅತ್ತೆ, ನಂಗೂ ಅಂಟದೆ ಅಂದ್ಕಂಡ ಮ್ಯಾಲೆ ನನ್ನ ಒಬ್ಬನ್ನೇ ಯಾಕ್ ಬುಟ್ಬುಟ್ ಬಂದ್ರಿ?”

“ನಿಮ್ಮುನ್ನ ನಿಮ್ಮವ್ವ ನೋಡ್ಕತಾಳೆ ಬುಡಿ” ಎಂದಳು ಕೆಂಪಮ್ಮ, ಅಳುತ್ತಲೇ.

ಪುಟ್ಟಸ್ವಾಮಿ ಎದ್ದ. “ಅವ್ವ, ಅಂಟು ಇದ್ರೆ ಇರ್ಲಿ. ಅಕ್ಕುಂಗೆ ರಕ್ತ ಬೇಕು ಅಂತಾವ್ರೆ. ನಾನ್ ಓಯ್ತೀನಿ.”

“ಅಯ್ಯೋ ಮಂಕೆ! ನಿನ್ ರಕ್ತ ಅವ್ಳಿಗಾಕುದ್ರೆ ಅವ್ಳಿಗೂ ಅಂಟದೆ?”

ಈಗ ಅದೇ ಮಾತು ಮೂರನೆಯ ರೂಪದಲ್ಲಿ ಬಂದಿತ್ತು: ಅಂಟದೇ ಇರುತ್ತದೆಯೇ? ಹೊರಟಿದ್ದ ಹುಡುಗ ಅಲ್ಲೇ ನಿಂತುಬಿಟ್ಟ. ತನಗೇನಾದರೂ ಆಗಲಿ ಎನ್ನುವ ಧೈರ್ಯ ಅವನಿಗಿತ್ತು. ಅಕ್ಕನಿಗೆ ರೋಗ ಹಚ್ಚುವ ಧೈರ್ಯ ಇರಲಿಲ್ಲ. ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗತೊಡಗಿದ. ಕೆಂಪಮ್ಮ ಮಗನಿಗೆ ಹತ್ತು ಎಂದು ಕೈಸನ್ನೆ ಮಾಡಿದಳು. ಅಲ್ಲಿ ಆ ಹೆಂಗಸಿನ ನಾಡಿ ಎಷ್ಟು ಹೊತ್ತು ಆಡುತ್ತದೋ ಯಾರಿಗೆ ಗೊತ್ತು? ಇಲ್ಲಿ ನಾನು ಸೀರಂ, ಕಣ, ಅಗ್ಲುಟಿನೇಷನ್ ಎಂದು ಪಾಠ ಹೇಳಿ ಪ್ರಯೋಜನವಿಲ್ಲ. ‘ಅಂಟು’ ಎಂಬ ಮಾತು ನನ್ನ ಬಾಯಿಂದ ಇನ್ನೊಂದು ಸಲ ಹೊರಟರೂ ಕೆಲಸ ಕೆಡುತ್ತಿತ್ತು.

“ಕೆಂಪಮ್ಮ, ಇಲ್ಲಿ ಕೇಳಿ. ನಿಮ್ಮ ಮಗಳ ರಕ್ತಾನೂ ಅಳಿಯನ ರಕ್ತಾನೂ ಒಂದು ತೊಟ್ಟು, ಒಂದು ತೊಟ್ಟು ಸೇರಿಸಿದ್ವಿ. ಸೇರಿದ್ದೇ ತಡ, ಎರಡೂ ಜಗಳಕ್ಕೆ ಬಿದ್ದವು.”

“ಅದ್ ನಂಗೆ ಗೊತ್ತಿದ್ದದ್ದೇ ಕಣವ್ವ” ಎಂದಳು. ಸಿದ್ದೇಗೌಡ ಮುಖ ಆಚೆ ತಿರುಗಿಸಿಕೊಂಡ.

“ನಿಮ್ಮ ಮಗನ ರಕ್ತ ಸೇರಿಸಿದ್ವಿ. ಜಗಳ ಆಡಲಿಲ್ಲ. ಹಾಲಿಗೆ ಹಾಲು ಬೆರೆತ ಹಾಗೆ ಬೆರೀತು. ನಿಮ್ಮ ಮಗನಿಗೆ ಯಾವ ಕಾಯಿಲೆಯೂ ಕಂಡಿಲ್ಲ. ಅವನ ರಕ್ತ ಅಕ್ಕನಿಗೆ ಆಗುತ್ತೆ ಅಂತಲೇ ಡಾಕ್ಟರು ಕರೆದದ್ದು.”

“ಮತ್ತೆ ಅಂಟದೆ ಅಂದ್ರು?”

“ಅದು ಅವರ ಓದಿನ ಮಾತು. ಬೆರೀತು ಅನ್ನೋದಕ್ಕೆ ಅವರು ಹಾಗಂತಾರೆ.”

“ಬೆರೀತು ಅನ್ನಾಕೆ ಅವ್ರಿಗೇನ್ ರೋಗ?” ಎಂದಳು. ಆದರೆ ಕಣ್ಣು ಮಗನ ಕಡೆ ಹೋಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ರಕ್ತ ಬೆರೆಯುತ್ತದೆ ಎಂಬುದು ಅವಳಿಗೆ ಹೊಸ ವಿಷಯವಲ್ಲ. ನಂಬಲು ಕಷ್ಟವೂ ಅಲ್ಲ. ಶಾಸ್ತ್ರದ ಪ್ರಕಾರ ಎಲ್ಲ ಒಡಹುಟ್ಟಿದವರದೂ ಹೊಂದುವುದಿಲ್ಲ. ಆ ಹೊತ್ತಿನಲ್ಲಿ ನಾನು ಅದನ್ನು ಹೇಳಲಿಲ್ಲ. ಕೊನೆಗೆ ಅವಳು, “ತೆಗಿಯಾಕ್ ಮುಂಚೆ ನಂಗೆ ತೋರುಸ್ಬೇಕು. ನಾನ್ ಕಣ್ಣಲ್ ನೋಡ್ಬೇಕು” ಎಂದಳು. ಆಗಲಿ ಎಂದೆ.

ಜಟಕಾ ಸಾಬರು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ನಾಲ್ವರೂ ಹತ್ತಲು ಹೋದಾಗ ಲಗಾಮು ಬಿಗಿ ಹಿಡಿದರು. “ಅಂಟೂ ಗಿಂಟೂ ಅಂದ್ರೆ ನಮ್ ಗಾಡೀಗೆ ಬ್ಯಾಡಮ್ಮಾ. ನಾನು ಬಾಲ್‌ಬಚ್ಚೇವಾಲಾ, ಮಕ್ಳೊಂದಿಗ. ಕುದುರೇಗೆ ಬಂದ್ಬುಟ್ರೆ ಏನ್ ಮಾಡ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಕೆಂಪಮ್ಮ ಮಗನ ರಟ್ಟೆ ಹಿಡಿದು ಗಾಡಿಗೆ ದಬ್ಬಿದಳು. “ಯಾರಿಗಯ್ಯಾ ಅಂಟು? ನನ್ ಐದಂಗಾ? ಕಬ್ಬಿಣ ಇದ್ದಂಗವ್ನೆ. ನಿನ್ ಕುದ್ರೆ ಮೂಳೆ ಎಣಿಸ್ಬೋದು, ಅದಕ್ಕೆ ಅಂಟು ಅದ್ಯಾ ನೋಡ್ಕೊ ಮದ್ಲು. ಓಡುಸ್ತೀಯೋ ಇಲ್ವೋ?”

ಸಾಬರು ಓಡಿಸಿದರು.

ಲ್ಯಾಬಿಗೆ ಬಂದಾಗ ಡಾಕ್ಟರು ಬಾಗಿಲಲ್ಲೇ ಇದ್ದರು. ಮುಖ ನೋಡಿದರೆ ವಾರ್ಡಿನ ಸ್ಥಿತಿ ತಿಳಿಯುತ್ತಿತ್ತು. ನಾನು ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ, ತೋಳಿಗೆ ಪಟ್ಟಿ ಬಿಗಿಯುವಂತೆ ಆಯಾಗೆ ಹೇಳಿ, ಹೊಸದಾಗಿ ಬಿಲ್ಲೆಯ ಮೇಲೆ ಮತ್ತೆ ಎರಡು ತೊಟ್ಟು ಹಾಕಿದೆ. “ಈಗ ಇದೆಲ್ಲ ಯಾಕೆ?” ಎಂದರು ಡಾಕ್ಟರು. “ಅವರಿಗೆ ಮಾತು ಕೊಟ್ಟಿದ್ದೀನಿ ಸಾರ್” ಎಂದೆ. ಓಲಾಡಿಸಿ, ಬೆಳಕಿಗೆ ಹಿಡಿದು ಕೆಂಪಮ್ಮನಿಗೆ ತೋರಿಸಿದೆ.

ಅವಳು ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ಇದ್ಯಾರ್ದು, ಗಂಟ್‌ಗಂಟಾಗಿರದು?”

“ನಿಮ್ಮ ಅಳಿಯಂದು.”

“ಇದು? ನುಣ್ಣಗದಲ್ಲ?”

“ನಿಮ್ಮ ಮಗಂದು.”

“ಗಂಟಿಲ್ದಂಗದೆ” ಎಂದಳು. ಆಮೇಲೆ ಹಿಂದೆ ಸರಿದು, “ತಕ್ಕಳ್ಳಿ. ಬೇಗ ತಕ್ಕಳ್ಳಿ. ಇಷ್ಟೊತ್ತು ಏನ್ ಮಾಡ್ತಿದ್ರಿ?” ಎಂದು ನಮ್ಮನ್ನೇ ಗದರಿಸಿದಳು.

ಬಾಟಲಿ ತುಂಬಿತು. ಪುಟ್ಟಸ್ವಾಮಿ ಛಾವಣಿ ನೋಡುತ್ತಾ, “ಇನ್ನೂ ಬೇಕಾ, ತಕ್ಕಳಿ” ಎನ್ನುತ್ತಿದ್ದ. ಬಿಸಿ ಕಾಫಿ, ಬನ್ನು ತರಿಸಿಕೊಟ್ಟೆ. ನಾನೇ ಬಾಟಲಿ ಹಿಡಿದುಕೊಂಡು ವಾರ್ಡಿಗೆ ಹೋದೆ. ಜಯಮ್ಮನ ತೋಳಿನಲ್ಲಿ ನಾಳ ಸಿಕ್ಕಲಿಲ್ಲ, ಕಾಲಿನ ಹರಡಿನ ಹತ್ತಿರ ಕೊಯ್ದು ಹುಡುಕಬೇಕಾಯಿತು. ತೊಟ್ಟು ತೊಟ್ಟಾಗಿ ಇಳಿಯಲು ಶುರುವಾಯಿತು. ಮೊದಲ ಕೆಲವು ತೊಟ್ಟಿನ ಹೊತ್ತು ಬಹಳ ಕಷ್ಟದ್ದು. ಚಳಿ ಬಂದರೆ, ಸೊಂಟ ನೋವು ಎಂದರೆ ನಿಲ್ಲಿಸಬೇಕು. ನಿಲ್ಲಿಸಿದರೆ ಕೊಡಲು ಬೇರೆ ಇಲ್ಲ. ಚಳಿ ಬರಲಿಲ್ಲ. ಬಾಟಲಿ ಅರ್ಧ ಇಳಿದ ಮೇಲೆ ಲೇಡಿ ಡಾಕ್ಟರು ಮಣಿಕಟ್ಟು ಬಿಡದೆಯೇ, “ನಾಡಿ ಸಿಗ್ತಾ ಇದೆ” ಎಂದರು. ಜಯಮ್ಮ ನೀರು ಕೇಳಿದಳು.

ಲ್ಯಾಬಿಗೆ ವಾಪಸು ಬಂದು ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಅಗ್ರಹಾರದಲ್ಲಿ ಹುಟ್ಟಿ ಬೆಳೆದವರು, ಹಳ್ಳಿಯ ‘ಅದೆ’ ಅವರ ಬಾಯಿಗೆ ಹೊಸದು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅಂಟದೆ… ಅಂಟು ಅದೆ…” ಎಂದು ಎರಡು ಮೂರು ಸಲ ಬಾಯಲ್ಲಿ ಆಡಿಸಿಕೊಂಡರು. “ಆ ಭಾಷಾಶಾಸ್ತ್ರದ ಮೇಷ್ಟ್ರು ಹೇಳಿದ್ದರು, ಸರೋಜಮ್ಮನವರೇ. ಅಂಟಿದ ಮೇಲೆ ಬೆಸುಗೆ ಕಾಣೋದಿಲ್ಲ ಅಂತ. ನಾನು ನಕ್ಕಿದ್ದೆ. ನಾವು ಕೂಡಿಸಿ ಕೊಡ್ತೀವಿ. ಎಲ್ಲಿ ಬಿಡಿಸಿಕೊಳ್ಳಬೇಕು ಅನ್ನೋದು ಕೇಳೋರ ಕೈಯಲ್ಲಿರುತ್ತೆ” ಎಂದರು.

“ಆ ಹೆಂಗಸು ಗಂಟು ಅಂದಳು ಸಾರ್. ಗಂಟಾಗಿದೆ, ಗಂಟಾಗಿಲ್ಲ ಅಂತ ಹೇಳಬಹುದಲ್ಲ?”

ಅವರು ಯೋಚಿಸಿ ತಲೆ ಅಲ್ಲಾಡಿಸಿದರು. “ಕಂಕುಳಲ್ಲಿ ಗಂಟು, ತೊಡೆಸಂದಲ್ಲಿ ಗಂಟು. ಪ್ಲೇಗಿಗೆ ಅವರು ಮೊದಲು ನೋಡ್ತಿದ್ದದ್ದೇ ಅದನ್ನ. ನಾಳೆ ಇನ್ನೊಬ್ಬಳು ಮಗನ್ನ ಕರೆದುಕೊಂಡು ಓಡ್ತಾಳೆ.”

ಮುಂದಿನ ಸಭೆಯಲ್ಲಿ ಅವರು ತಾವೇ ಸೂಚಿಸಿದ ಪದವನ್ನು ವಾಪಸು ತೆಗೆದುಕೊಂಡರು. ಭಾಷೆಯವರಿಗೆ ಅಂಟು ಉಳಿಯಿತು. ವೈದ್ಯರಿಗೂ ಜೀವಶಾಸ್ತ್ರದವರಿಗೂ ಏನು ಎಂದು ಬಹಳ ಕಾಲ ಎಳೆದಾಡಿದರು. ಆಮೇಲೆ ಏನಾಯಿತೋ ನಾನು ಕೇಳಲಿಲ್ಲ. ನಮ್ಮ ಕಿಟಕಿಯಲ್ಲಿ ‘ಹೊಂದುತ್ತೆ, ಹೊಂದಲ್ಲ’ ಎಂದು ಸ್ವಲ್ಪ ದಿನ ಹೇಳಿನೋಡಿದೆವು. ಒಬ್ಬ ಯಜಮಾನರು ಗಂಭೀರವಾಗಿ, “ಯಾವ ಪಂಚಾಂಗದಲ್ಲಿ ನೋಡಿದ್ರಿ?” ಎಂದು ಕೇಳಿದರು. ಕಡೆಗೆ ಒಂದು ಪದ್ಧತಿಗೆ ಬಂದು ನಿಂತೆವು. ಪರೀಕ್ಷೆಯಲ್ಲಿ ಏನು ಕಂಡಿತು ಎಂದು ಕಿಟಕಿಯಲ್ಲಿ ಹೇಳುವುದೇ ಬೇಡ. ಒಳಗೆ ಕರೆದು, ಕೂರಿಸಿ, ಈಗ ಏನು ಮಾಡಬೇಕು ಎಂಬುದನ್ನು ಪೂರ್ತಿ ವಾಕ್ಯದಲ್ಲಿ ಹೇಳುವುದು. ಹೇಳಿದ ಮೇಲೆ, “ನಾನು ಏನಂದೆ, ನೀವೊಂದು ಸಲ ಹೇಳಿ” ಎಂದು ಕೇಳುವುದು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ನಾನು ಮೈಕ್ರೋಸ್ಕೋಪು ಮುಟ್ಟಿಸುವ ಮೊದಲು ಇದನ್ನು ಕಲಿಸುತ್ತಿದ್ದೆ. ಮರಳಿ ಅವರ ಬಾಯಲ್ಲಿ ಕೇಳುವಾಗ ನಾವು ಹೇಳಿದ್ದು ಏನಾಗಿದೆ ಎಂದು ಗೊತ್ತಾಗುತ್ತದೆ. ಬಹಳ ಸಲ ಅದು ಬೇರೆಯೇ ಆಗಿರುತ್ತದೆ.

ಜಯಮ್ಮ ಬದುಕಿದಳು. ಆದರೆ ಅವಳಿಗೆ ಎದೆಹಾಲು ಬರಲೇ ಇಲ್ಲ. ಮಗುವನ್ನು ಹಸುವಿನ ಹಾಲಿನಲ್ಲಿ ಸಾಕಿದರು. ಮುಟ್ಟೂ ನಿಂತುಹೋಗಿದೆ, ಬೇಗ ದಣಿಯುತ್ತಾಳೆ, ಬೇಸಿಗೆಯಲ್ಲೂ ಕಂಬಳಿ ಹೊದೆಯುತ್ತಾಳೆ ಎಂದು ಸಿದ್ದೇಗೌಡ ಬಂದು ಹೇಳುತ್ತಿದ್ದ. ರಕ್ತ ಬಹಳ ಹೊತ್ತು ಸಾಲದೇ ಹೋದರೆ ಮೆದುಳಿನ ಕೆಳಗಿರುವ ಒಂದು ಸಣ್ಣ ಗ್ರಂಥಿ ಸೊರಗುತ್ತದೆ ಎಂದು ಲೇಡಿ ಡಾಕ್ಟರು ವಿವರಿಸಿದರು. ನಾವು ಬಸ್ ಸ್ಟಾಂಡಿಗೆ ಹೋಗಿ ಬಂದ ಹೊತ್ತಿನಲ್ಲೇ ಅದು ಆಯಿತೋ, ಅದಕ್ಕೆ ಮೊದಲೇ ಆಗಿತ್ತೋ ಯಾರೂ ಹೇಳಲಾರರು. ನಾನು ಕೇಳಿದಾಗ ಅವರು, “ಅದನ್ನು ಲೆಕ್ಕ ಹಾಕಬೇಡಿ” ಎಂದರು. ಹಾಕಬಾರದೆಂದು ನನಗೂ ಗೊತ್ತು.

ಆ ಸಂಜೆ ರಿಯಾಕ್ಷನ್ ಏನಾದರೂ ಆದೀತೆಂದು ನಾನು ದೀಪ ಹಚ್ಚುವವರೆಗೂ ವಾರ್ಡಿನಲ್ಲೇ ಉಳಿದೆ. ಜಯಮ್ಮನಿಗೆ ಆಯಾ ಗಂಜಿ ತಿಳಿ ಕುಡಿಸುತ್ತಿದ್ದಳು. ಹೊರಗೆ ವರಾಂಡದಲ್ಲಿ ಕೆಂಪಮ್ಮ ಊರಿನಿಂದ ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿದಳು. ತಂಗಳು ಮುದ್ದೆ, ಹುಚ್ಚೆಳ್ಳು ಚಟ್ನಿ, ಎರಡು ಈರುಳ್ಳಿ. ಅಳಿಯನಿಗೆ ಒಂದು ಎಲೆ ಹಾಕಿದಳು. ಮಗನಿಗೆ ಒಂದು ಎಲೆ ಹಾಕಿ, ಅದನ್ನು ಕೈಯಳತೆಯ ಆಚೆ ತಳ್ಳಿದಳು. ಬೇಕೆಂದು ಮಾಡಿದ್ದಲ್ಲ, ಬೆಳಗಿನ ಭಯ ಕೈಯಲ್ಲಿ ಇನ್ನೂ ಉಳಿದಿತ್ತು. ಪುಟ್ಟಸ್ವಾಮಿ ಎಲೆಯನ್ನೂ ತಾಯಿಯನ್ನೂ ನೋಡಿದ.

“ಯಾಕವ್ವ, ಇನ್ನೂ ಅನುಮಾನ್ವಾ?”

ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ತನ್ನ ಪಾಲಿನ ಮುದ್ದೆಯನ್ನು ಎತ್ತಿ ಅವನ ಎಲೆಯ ಮೇಲಿಟ್ಟು, ಅವನ ಪಕ್ಕಕ್ಕೇ ಹೋಗಿ ಕೂತು, ಅವನು ಮುರಿದು ತಿಂದಿದ್ದ ಮುದ್ದೆಯ ತುದಿಯಿಂದಲೇ ಒಂದು ತುತ್ತು ಮುರಿದು ಚಟ್ನಿಗೆ ಅದ್ದಿದಳು. ನನ್ನನ್ನು ಕಂಡು, “ನೀನೂ ಒಂದ್ ತುತ್ತು ಬಾರವ್ವ” ಎಂದಳು. ಬೆಳಿಗ್ಗೆಯಿಂದ ನಾನೂ ಏನೂ ತಿಂದಿರಲಿಲ್ಲ. ಕೂತೆ. ಚಟ್ನಿ ಬಹಳ ಖಾರವಾಗಿತ್ತು.

ಎಲ್ಲರಿಗಿಂತ ಮೊದಲು ನಿದ್ದೆ ಹೋದವನು ಪುಟ್ಟಸ್ವಾಮಿ. ಎಲೆ ಮಡಿಸುವ ಮೊದಲೇ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆದುಕೊಂಡು ಮಲಗಿಬಿಟ್ಟ. ಆಮೇಲೆ ಒಳಗೆ ಜಯಮ್ಮ, ಆಮೇಲೆ ಕಂಬಕ್ಕೆ ಒರಗಿದ ಸಿದ್ದೇಗೌಡ. ಕೆಂಪಮ್ಮ ತೊಡೆ ಅಲುಗದ ಹಾಗೆ ಕೂತು, ಮಗನ ಹಣೆಯ ಮೇಲೆ ಅಂಗೈಯಿಟ್ಟು, ಬಿಸಿ ಇದೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದಳು.